ಆರ್ಗನ್ ವಾದ್ಯದಲ್ಲಿ ಯಂತ್ರ ಮತ್ತು ಸೌಂದರ್ಯ

ಐರೋಪ್ಯ ಕಲೆಯ ಚರಿತ್ರೆಗಳಲ್ಲಿ ಚರ್ಚುಗಳ ಆರ್ಗನ್ ವಾದ್ಯಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದು ನಮಗೆ ತೋರುತ್ತದೆ. ಪ್ಯಾರಿಸ್ಸಿನ ಸ್ಯಾಂ ಸುಲ್ಪೀಸ್ ಚರ್ಚನ್ನು ವರ್ಣಿಸುವವರು ಅಲ್ಲಿಯ ಆರ್ಗನ್ನಿಗೆ ವಾಸ್ತುಶಿಲ್ಪಿ ಶಾಲ್‌ಗ್ರ್ಯಾಂ ರಚಿಸಿದ, ಕಂಬಗಳಿಂದಲೂ ಪ್ರತಿಮೆಗಳಿಂದಲೂ ಶೋಭಿಸುವ ಮುಖಭಾಗವನ್ನು ಹೊಗಳಿ ತೃಪ್ತರಾಗುವುದುಂಟು. ಅದರ ಹಿಂದಿನ ಯಂತ್ರವನ್ನು ಬಡಗಿಯ ಕೆಲಸವೆಂದು ಬಿಟ್ಟುಬಿಡುತ್ತಾರೆ. ಈ ವಿಂಗಡಣೆ ಸಾಧುವಾದುದಲ್ಲ.

ಆರ್ಗನ್ನಿನ ಮೂಲತತ್ತ್ವ ಸರಳವಾದುದು. ತಿದಿಗಳು ಒದಗಿಸಿದ ಗಾಳಿ ಒಂದು ಪೆಟ್ಟಿಗೆಯಲ್ಲಿ ಸಮನಾದ ಒತ್ತಡದಿಂದ ನಿಂತಿರುತ್ತದೆ. ಪೆಟ್ಟಿಗೆಯ ಮೇಲೆ ಕೊಳವೆಗಳ ಸಾಲುಗಳು. ವಾದಕನು ಕೀಲಿಯನ್ನು ಒತ್ತಿದೊಡನೆ ತೆಳುವಾದ ಮರದ ಪಟ್ಟಿಗಳ ಸರಣಿಯೊಂದು ಒಳಗಿನ ಮುಚ್ಚಳವನ್ನು ಸೆಳೆದು ತೆರೆಯುತ್ತದೆ. ಗಾಳಿ ಕೊಳವೆಯನ್ನು ಹೊಕ್ಕು ನಾದವಾಗುತ್ತದೆ. (ನಮ್ಮ ನಾಟಕ ಮಂಡಳಿಗಳ ಹಾರ್ಮೋನಿಯಮ್ಮಿಗೂ ತಿದಿಯುಂಟು, ಆದರೆ ಅಲ್ಲಿ ನುಡಿಯುವುದು ಲೋಹದ ನಾಲಗೆ.) ತೊಡಕು ಹುಟ್ಟುವುದು ಆ ಮುಚ್ಚಳದಲ್ಲಿಯೇ. ಗಾಳಿಯ ಒತ್ತಡ ಅದನ್ನು ಬಿಗಿಹಿಡಿದಿರುವುದರಿಂದ, ವಾದ್ಯ ದೊಡ್ಡದಾದಷ್ಟೂ, ಒಂದು ಕೀಲಿಮಣೆಗೆ ಮತ್ತೊಂದನ್ನು ಜೋಡಿಸಿದಷ್ಟೂ ಬೆರಳಿಗೆ ಬೀಳುವ ಭಾರ ಹೆಚ್ಚುತ್ತದೆ. ಹೀಗೆ ಬೆರಳಿನ ಬಲವೇ ಶತಮಾನಗಳ ಕಾಲ ನಾದವೈಭವಕ್ಕೆ ಮೇರೆಯಾಗಿತ್ತು.

1841ರಲ್ಲಿ ಸ್ಯಾಂ ದೆನಿಯ ಆರ್ಗನ್ನನ್ನು ನಿರ್ಮಿಸಿದ ಆರಿಸ್ತೀದ್ ಕವಾಯೇ-ಕೋಲ್, ಬಾರ್ಕರ್ ಎಂಬ ಆಂಗ್ಲ ಕುಶಲಿಯ ಸನ್ನೆಯನ್ನು ಅದರಲ್ಲಿ ಅಳವಡಿಸಿದನು. ಇಲ್ಲಿ ಕೀಲಿಗೊಂದು ಪುಟ್ಟ ತಿದಿ. ಬೆರಳು ಆ ತಿದಿಗೆ ಗಾಳಿ ಬಿಡುವ ಕಿಂಡಿಯನ್ನು ಮಾತ್ರ ತೆರೆಯುತ್ತದೆ. ಉಬ್ಬಿದ ತಿದಿಯೇ ಮುಚ್ಚಳಗಳನ್ನು ಎಳೆಯುತ್ತದೆ. ಅಡ್ಡಿಯಾಗಿದ್ದ ಗಾಳಿಯೇ ಆಳಾಗಿ ದುಡಿಯತೊಡಗಿತು! 1862ರಲ್ಲಿ ಅದೇ ಶಿಲ್ಪಿ ಸ್ಯಾಂ ಸುಲ್ಪೀಸ್ ಆರ್ಗನ್ನನ್ನು 5 ಕೀಲಿಮಣೆಗಳಿಗೂ 'ಸ್ಟಾಪ್' ಎನಿಸುವ 100 ನಾದಭೇದಗಳಿಗೂ ವಿಸ್ತರಿಸಿದನು. ಅಲ್ಲಿ 1870ರಿಂದ 1933ರವರೆಗೆ ವಾದಕನಾಗಿದ್ದ ವಿದೋರನ ಆರ್ಗನ್ ಸಿಂಫನಿಗಳು ಇಂಥ ವಾದ್ಯವಿಲ್ಲದೆ ಊಹಿಸಲಾಗದ ಕೃತಿಗಳು.

ಬೆರಳಿಗೂ ಮುಚ್ಚಳಕ್ಕೂ ಇದ್ದ ನೇರ ಸಂಬಂಧ ಇದರಿಂದ ಕಡಿದುಹೋಯಿತೆಂಬುದು 20ನೆಯ ಶತಮಾನದ ಜರ್ಮನ್ ಸುಧಾರಕರ ಆಕ್ಷೇಪ. ಬಾಖನ ರಚನೆಗಳಲ್ಲಿ ಒಂದೊಂದು ಸ್ವರದ ಆರಂಭವೂ ಸ್ಫುಟವಾಗಿರಬೇಕೆಂದು ಅವರು ಹಳೆಯ ಪಟ್ಟಿಗಳ ಸರಣಿಗೇ ಮರಳಿದರು. ಆಕ್ಷೇಪದಲ್ಲಿ ಹುರುಳಿದೆ, ಆದರೆ ರಸದ ಪ್ರಶ್ನೆಯನ್ನು ಅವರೂ ಯಂತ್ರದಲ್ಲಿಯೇ ಇತ್ಯರ್ಥಪಡಿಸಬೇಕಾಯಿತೆಂಬುದನ್ನು ಗಮನಿಸಬೇಕು. ಇನ್ನು, ಕವಾಯೇ-ಕೋಲ್ ಹಳತನ್ನೆಲ್ಲ ಅಳಿಸಿದನೆಂಬ ದೂರು ಸ್ಯಾಂ ಸುಲ್ಪೀಸಿನ ಮಟ್ಟಿಗೆ ಸಲ್ಲದು. 1781ರಲ್ಲಿ ಕ್ಲಿಕೋ ಅಲ್ಲಿ ನಿಲ್ಲಿಸಿದ್ದ ಕೊಳವೆಗಳಲ್ಲಿ ಅನೇಕವನ್ನು ಅವನು ಉಳಿಸಿಕೊಂಡನು. ಶಾಲ್‌ಗ್ರ್ಯಾಂನ ಕಂಬಗಳ ಹಿಂದೆ ಅವು ಇಂದಿಗೂ ನುಡಿಯುತ್ತಿವೆ.