ಉಪಗ್ರಹ ಸಂಘಟ್ಟನೆಯನ್ನು ಕುರಿತ ೧೯೭೮ರ ಪ್ರಬಂಧ: ಒಂದು ವಿಮರ್ಶೆ

ಭೂಕಕ್ಷೆಗಳಲ್ಲಿ ಸೇರಿಕೊಂಡಿರುವ ಲೋಹಾವಶೇಷಗಳ ವಿಚಾರವಾಗಿ ಬರೆಯುವವರು ಸಾಮಾನ್ಯವಾಗಿ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ ಎಂಬಿಬ್ಬರು ಅಮೆರಿಕದ ವಿಜ್ಞಾನಿಗಳು ೧೯೭೮ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಹೆಸರಿಸುತ್ತಾರೆ. ಅದನ್ನು ಓದಿದವರು ಮಾತ್ರ ವಿರಳವೆಂದು ತೋರುತ್ತದೆ. ಅದರ ಗಣಿತವನ್ನು ಪರೀಕ್ಷಿಸುವ ಅಧಿಕಾರ ನಮಗಿಲ್ಲ. ಆದರೆ ಇಷ್ಟು ವರ್ಷಗಳು ಕಳೆದ ಮೇಲೆ ಅದು ಇತಿಹಾಸದ ಆಕರವೂ ಆಗಿದೆ. ಆಕರವೆಂದ ಬಳಿಕ, ಶಾಸನವನ್ನೋ ದಫ್ತರವನ್ನೋ ನೋಡುವಂತೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ಕೇಳುವುದು ನಮ್ಮ ಕೆಲಸವೇ ಸರಿ.

ಪ್ರಬಂಧದ ವಾದ ಸರಳವಾದುದು. ಉಪಗ್ರಹಗಳು ಹೆಚ್ಚಿದಂತೆ ಒಂದಕ್ಕೊಂದು ತಾಗುವ ಸಂಭವವೂ ಹೆಚ್ಚುತ್ತದೆ, ತಾಗಿದರೆ ಚೂರುಗಳಾಗುತ್ತವೆ, ಒಂದೊಂದು ಚೂರೂ ಮತ್ತೊಂದು ಸಂಘಟ್ಟನೆಗೆ ಅವಕಾಶ ಮಾಡಿಕೊಡುತ್ತದೆ. ಹೀಗೆ ಭೂಮಿಯ ಸುತ್ತ ಅವಶೇಷಗಳದೊಂದು ಪಟ್ಟಿ ಬೆಳೆಯಬಹುದು, ಆ ಶತಮಾನ ಮುಗಿಯುವುದರೊಳಗೇ ಅದು ಆರಂಭವಾಗಬಹುದು ಎಂದು ಲೇಖಕರು ಗಣಿಸಿದರು. ಆಕಾಶ ಅಪಾರವಾದುದು, ಅಲ್ಲಿ ಯಾರು ಯಾರಿಗೆ ಅಡ್ಡಬಂದಾರು ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಹೀಗೆ ಬರೆದುದು ಸಾಮಾನ್ಯವಾದ ಧೈರ್ಯವಲ್ಲ. ೧೯೯೬ರಲ್ಲಿ ಫ್ರಾನ್ಸಿನ ಸೆರೀಸ್ ಉಪಗ್ರಹಕ್ಕೆ ಹಳೆಯ ಏರಿಯಾನ್ ರಾಕೆಟ್ಟಿನ ಚೂರು ಬಡಿಯಿತು. ೨೦೦೯ರ ಫೆಬ್ರವರಿ ೧೦ರಂದು ಸೈಬೀರಿಯದ ಮೇಲೆ ಸುಮಾರು ೭೯೦ ಕಿಲೋಮೀಟರ್ ಎತ್ತರದಲ್ಲಿ, ಅಮೆರಿಕದ ಇರಿಡಿಯಂ ೩೩ ಮತ್ತು ರಷ್ಯದ ನಿಷ್ಕ್ರಿಯ ಕಾಸ್ಮಾಸ್ ೨೨೫೧, ಸೆಕೆಂಡಿಗೆ ೧೧ ಕಿಲೋಮೀಟರಿಗೂ ಮೀರಿದ ಸಾಪೇಕ್ಷ ವೇಗದಲ್ಲಿ ಢಿಕ್ಕಿ ಹೊಡೆದು, ಗುರುತಿಸಬಹುದಾದ ಎರಡು ಸಾವಿರಕ್ಕೂ ಹೆಚ್ಚು ತುಂಡುಗಳಾದುವು.

ಇಷ್ಟನ್ನು ಮನಃಪೂರ್ವಕವಾಗಿ ಒಪ್ಪಿಕೊಂಡು, ನಮ್ಮ ಆಕ್ಷೇಪವನ್ನು ಮುಂದಿಡುತ್ತೇವೆ. ಪ್ರಬಂಧ ತನ್ನ ಸಾದೃಶ್ಯವನ್ನು ಕ್ಷುದ್ರಗ್ರಹಗಳ ಪಟ್ಟಿಯಿಂದ ತೆಗೆದುಕೊಳ್ಳುತ್ತದೆ. ಲೆಕ್ಕಕ್ಕೆ ಈ ಹೋಲಿಕೆ ಅನುಕೂಲವಾದುದು. ಚರಿತ್ರೆಗೆ ಅಷ್ಟೇ ಅಪಾಯಕರವಾದುದು. ಕ್ಷುದ್ರಗ್ರಹಕ್ಕೆ ಒಡೆಯನಿಲ್ಲ. ಉಪಗ್ರಹಕ್ಕಾದರೋ ರಾಜ್ಯವಿದೆ, ಉಡಾವಣೆಯ ದಿನವಿದೆ, ಆಜ್ಞೆ ಕೊಟ್ಟವರಿದ್ದಾರೆ. ಆಮೇಲೆ ಬಂದವರು ಈ ಪ್ರಕ್ರಿಯೆಗೆ ಕೆಸ್ಲರನ ಹೆಸರಿನಿಂದ ಒಂದು ರೋಗದ ನಾಮವನ್ನೇ ಕಟ್ಟಿದರು. ರೋಗಕ್ಕೆ ಕರ್ತೃವನ್ನು ಯಾರು ಹುಡುಕುತ್ತಾರೆ?

ನಡೆದುದನ್ನು ನೋಡೋಣ. ೨೦೦೭ರ ಜನವರಿ ೧೧ರಂದು ಚೀನ ತನ್ನದೇ ಫೆಂಗ್ಯುನ್ ೧ಸಿ ಉಪಗ್ರಹವನ್ನು ೮೫೦ ಕಿಲೋಮೀಟರಿಗೂ ಮೇಲೆ ಕ್ಷಿಪಣಿಯಿಂದ ಒಡೆಯಿತು. ಪಟ್ಟಿಗೆ ಸೇರಿದ ಚೂರುಗಳು ಮೂರು ಸಾವಿರವನ್ನು ದಾಟಿದುವು. ಎರಡು ವರ್ಷಗಳ ಅನಂತರದ ಆಕಸ್ಮಿಕಕ್ಕಿಂತ ಈ ಒಂದು ಸಂಕಲ್ಪಪೂರ್ವಕ ಕೃತ್ಯವೇ ಹೆಚ್ಚು ಅವಶೇಷವನ್ನು ಹೆತ್ತಿತು. ಅಮೆರಿಕ ೧೯೮೫ರಲ್ಲಿ ಇಂಥದೇ ಪ್ರಯೋಗ ನಡೆಸಿತ್ತು. ೨೦೨೧ರ ನವೆಂಬರಿನಲ್ಲಿ ರಷ್ಯ ಕಾಸ್ಮಾಸ್ ೧೪೦೮ನ್ನು ಒಡೆದಾಗ, ಅಂತರರಾಷ್ಟ್ರೀಯ ನಿಲ್ದಾಣದಲ್ಲಿದ್ದವರು ತಮ್ಮ ನೌಕೆಗಳೊಳಗೆ ಆಶ್ರಯ ಪಡೆಯಬೇಕಾಯಿತು. ಅವರಲ್ಲಿ ರಷ್ಯದವರೂ ಇದ್ದರೆಂಬುದು ಗಮನಾರ್ಹ. ನಮ್ಮ ದೇಶವನ್ನು ಈ ಪಟ್ಟಿಯಿಂದ ಬಿಡುವುದು ನ್ಯಾಯವಲ್ಲ. ೨೦೧೯ರ ಮಾರ್ಚ್ ೨೭ರ ಪ್ರಯೋಗ ಸುಮಾರು ೨೮೦ ಕಿಲೋಮೀಟರ್ ಎತ್ತರದಲ್ಲಿ ನಡೆದುದರಿಂದ ಬಹುಪಾಲು ಚೂರುಗಳು ಕೆಲವು ತಿಂಗಳಲ್ಲಿ ಬಿದ್ದು ಸುಟ್ಟುಹೋದುವು. ಇದು ವಿವೇಕದ ಆಯ್ಕೆ. ಆದರೂ ಕೆಲವು ಚೂರುಗಳು ನಿಲ್ದಾಣದ ಕಕ್ಷೆಗೂ ಮೇಲಕ್ಕೆ ಚಿಮ್ಮಿದುವು.

೨೦೦೯ರ ಘಟನೆ ಯಾರ ಸಂಕಲ್ಪವೂ ಅಲ್ಲವಷ್ಟೆ, ಅಲ್ಲಿ ಪ್ರಬಂಧದ ಮಾದರಿ ನಿಲ್ಲುವುದಿಲ್ಲವೆ, ಎಂದು ಕೇಳಬಹುದು. ನಿಲ್ಲುತ್ತದೆ, ಅರ್ಧಕ್ಕೆ. ೧೯೯೩ರಲ್ಲಿ ಹಾರಿಸಿದ ಕಾಸ್ಮಾಸ್ ೨೨೫೧ ಬಹು ಬೇಗನೆ ಕೆಟ್ಟು, ವಾಯುವಿನ ಘರ್ಷಣೆ ಅತ್ಯಲ್ಪವಾಗಿರುವ ಎತ್ತರದಲ್ಲಿ ಹಾಗೆಯೇ ಉಳಿಯಿತು. ಕೆಲಸ ಮುಗಿದುದನ್ನು ಕೆಳಗಿಳಿಸುವ ಏರ್ಪಾಡಿಲ್ಲದೆ ಅಷ್ಟು ಮೇಲಕ್ಕೆ ಕಳುಹಿಸಿದುದೂ ಮನುಷ್ಯರ ತೀರ್ಮಾನವೇ.

ಇದು ಬರಿಯ ಮಾತಿನ ಜಗಳವಲ್ಲ. ೧೯೭೨ರ ಹೊಣೆಗಾರಿಕೆಯ ಒಪ್ಪಂದದಂತೆ, ನೆಲದ ಮೇಲೆ ಆದ ಹಾನಿಗೆ ಉಡಾಯಿಸಿದ ರಾಜ್ಯ ನಿರಪೇಕ್ಷವಾಗಿ ಹೊಣೆ. ಕಕ್ಷೆಯಲ್ಲಾದ ಹಾನಿಗೆ ತಪ್ಪನ್ನು ಸ್ಥಾಪಿಸಿದರೆ ಮಾತ್ರ ಹೊಣೆ. ಕೆಸ್ಲರ್ ಬರೆದ ೧೯೭೮ನೆಯ ವರ್ಷದಲ್ಲೇ ಸೋವಿಯತ್ ಕಾಸ್ಮಾಸ್ ೯೫೪ ಕೆನಡದ ಮೇಲೆ ಬಿದ್ದು ಪರಮಾಣು ಇಂಧನವನ್ನು ಚೆಲ್ಲಿತು. ೧೯೮೧ರಲ್ಲಿ ಸೋವಿಯತ್ ಒಕ್ಕೂಟ ಮೂವತ್ತು ಲಕ್ಷ ಕೆನಡಿಯನ್ ಡಾಲರು ಕೊಡಲು ಒಪ್ಪಿತು. ಕಕ್ಷೆಯಲ್ಲಿ ನಡೆದುದನ್ನು ಪ್ರಕೃತಿವ್ಯಾಪಾರವೆಂದು ವರ್ಣಿಸಿದಷ್ಟೂ ತಪ್ಪನ್ನು ಸ್ಥಾಪಿಸುವುದು ಕಠಿನವಾಗುತ್ತದೆ. ವಿಚಿತ್ರವೆಂದರೆ, ೨೦೧೩ರ 'ಗ್ರಾವಿಟಿ' ಚಲನಚಿತ್ರ ದಶಕಗಳ ಪ್ರಕ್ರಿಯೆಯನ್ನು ಗಂಟೆಗಳಿಗೆ ಇಳಿಸಿ ವಿಜ್ಞಾನಕ್ಕೆ ಅಪಚಾರ ಮಾಡಿದರೂ, ತನ್ನ ಕಥೆಯನ್ನು ಒಂದು ಕ್ಷಿಪಣಿಯಿಂದ ಆರಂಭಿಸುತ್ತದೆ!

ಕರ್ತೃವನ್ನು ಗುರುತಿಸುವ ಸಾಮಗ್ರಿ ಇಲ್ಲವೆಂದು ಹೇಳುವಂತಿಲ್ಲ. ಕಕ್ಷೆಯಲ್ಲಿ ಗುರುತಿಸಿದ ಚೂರಿಗೆ ಅದರ ಮೂಲ ಉಡಾವಣೆಯ ವರ್ಷ ಮತ್ತು ಕ್ರಮಸಂಖ್ಯೆಯನ್ನೇ ಕೊಡುವ ಪದ್ಧತಿಯಿದೆ. ಫೆಂಗ್ಯುನ್ ಉಪಗ್ರಹದ ಚೂರುಗಳು ಇಂದಿಗೂ ೧೯೯೯-೦೨೫ ಎಂಬ ಸಂಖ್ಯೆಯನ್ನು ಹೊತ್ತಿವೆ. ಕಾಸ್ಮಾಸಿನವು ೧೯೯೩-೦೩೬, ಇರಿಡಿಯಂನವು ೧೯೯೭-೦೫೧. ಸೆರೀಸಿಗೆ ಬಡಿದ ಚೂರು ೧೯೮೬ರ ಉಡಾವಣೆಯದೆಂದು ತಿಳಿದುದೂ ಈ ವಂಶಾವಳಿಯಿಂದಲೇ. ಸುಮಾರು ಹತ್ತು ಸೆಂಟಿಮೀಟರಿಗಿಂತ ಚಿಕ್ಕವಾದ ಬಹುಪಾಲು ಚೂರುಗಳಿಗೆ ಮಾತ್ರ ಇಂಥ ಸಂಖ್ಯೆಯಿಲ್ಲ.