ಪತ್ರಾ ಕತ್ತರಿಸೋಕೆ ಮುಂಚೆ

ನಮ್ಮ ವಯಸ್ಸಿನ ಸಾಫ್ಟ್‌ವೇರ್ ಜನರಿಗೆ ಈಗ ಹಳೇ ಜೀಪಿನ ಹುಚ್ಚು ಹಿಡಿದಿದೆ. ಹಳೇ ಮಹೀಂದ್ರಾನೋ ಜಿಪ್ಸಿನೋ ಹುಡುಕಿ ತರ್ತಾರೆ. ತಂದ ವಾರದಲ್ಲೇ ಮೊದಲ ಕೆಲಸ ಅದರ ಲೋಹದ ಟಾಪ್ ತೆಗೆಸಿ ಬಟ್ಟೆ ಟಾಪ್ ಹೊಲಿಸೋದು. ಎಂಜಿನ್ ಹೊಗೆ ಕಾರ್ತಿರುತ್ತೆ, ಬ್ರೇಕ್ ಒಂದು ಕಡೆ ಎಳೀತಿರುತ್ತೆ, ಅದೆಲ್ಲ ಆಮೇಲೆ. ಕೇಳಿದರೆ, 'ಒರಿಜಿನಲ್ ಲುಕ್‌ಗೆ ತರ್ತಿದೀನಿ' ಅನ್ನೋ ಉತ್ತರ. ಒಂದು ಸಿನಿಮಾವನ್ನೋ ಪುಸ್ತಕವನ್ನೋ ವಿಮರ್ಶೆ ಮಾಡೋ ಹಾಗೆ ಈ ಕೆಲಸವನ್ನೂ ಮಾಡಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಹತ್ತರಲ್ಲಿ ಏಳೆಂಟು ಕಡೆ ಇದು ಕೆಟ್ಟ ಕೆಲಸ. ಉಳಿದ ಎರಡು ಮೂರು ಕಡೆ ಮಾತ್ರ ನಿಜವಾಗಿ ಚೆಂದ.

ನಾನು ಹುಟ್ಟಿ ಬೆಳೆದದ್ದು ನಿರ್ಣಾದಲ್ಲಿ, ಬೀದರ್ ಜಿಲ್ಲೆ, ಹುಮನಾಬಾದ್ ಕಡೆ. ನಮ್ಮ ಕಡೆ ಜೀಪುಗಳ ಪ್ರಯಾಣ ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿತ್ತು. ಜೀಪು ಬರ್ತಿದ್ದದ್ದೇ ಬಟ್ಟೆ ಟಾಪ್ ಹೊತ್ತುಕೊಂಡು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಕೂಡಲೇ ಮಾಲೀಕ ವೆಲ್ಡಿಂಗ್ ಅಂಗಡಿಗೆ ಹೋಗಿ ಪತ್ರಾ ಬಡಿಸ್ತಿದ್ದ. ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು ಬಟ್ಟೆಯ ಸಂದಿಯಿಂದ ನುಗ್ಗಿ ಮೂಗಿನ ತನಕ ಬರ್ತಿತ್ತು. ಮಳೆಗಾಲದಲ್ಲಿ ಹಿಂದೆ ಕೂತವರ ಮಡಿಲೆಲ್ಲ ಒದ್ದೆ. ಎಲ್ಲಕ್ಕಿಂತ ಮುಖ್ಯ, ಬಟ್ಟೆ ಮೇಲೆ ಸಾಮಾನು ಇಡೋಕಾಗಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೊರಟ ಜೀಪಿನಲ್ಲಿ ಒಳಗೆ ಎಷ್ಟು ಜನವೋ ಮೇಲೆ ಅಷ್ಟು ಗಂಟು. ನಮ್ಮಲ್ಲಿ ಬಟ್ಟೆ ಟಾಪ್ ಅಂದರೆ ಸ್ಟೈಲ್ ಅಲ್ಲ, ಇನ್ನೂ ದುಡ್ಡು ಕೂಡಿಲ್ಲ ಅಂತ ಅರ್ಥ.

'ಒರಿಜಿನಲ್' ಅನ್ನೋ ವಾದಕ್ಕೂ ಇದೇ ಉತ್ತರ ಇದೆ. 1940ರಲ್ಲಿ ಅಮೆರಿಕದ ಸೇನೆ ಹೊಸ ಗಾಡಿ ಬೇಕು ಅಂದಾಗ ಕೇಳಿದ ತೂಕ 1,300 ಪೌಂಡ್, ಅಂದರೆ 590 ಕೆಜಿ ಹತ್ತಿರ. ಅಷ್ಟು ಹಗುರ ಯಾರಿಗೂ ಆಗಲಿಲ್ಲ, ಮಿತಿ ಏರಿಸಬೇಕಾಯಿತು. ಅಂಥ ಗಾಡಿಗೆ ಲೋಹದ ಟಾಪ್ ಹಾಕೋ ಪ್ರಶ್ನೆಯೇ ಇರಲಿಲ್ಲ. ಕಮಾನು ಎತ್ತಿ ಕ್ಯಾನ್ವಾಸ್ ಹೊದಿಸಿದರು, ಅಷ್ಟೆ. ಮುಂಬೈಯಲ್ಲಿ ಮಹೀಂದ್ರಾದವರು 1947ರಲ್ಲಿ ಜೋಡಿಸೋಕೆ ಶುರು ಮಾಡಿದ್ದೂ ಇದೇ ವಂಶದ ಜೀಪು. ಬ್ರಿಟನ್ನಿನ ಲ್ಯಾಂಡ್ ರೋವರ್ 1948ರಲ್ಲಿ ಬಂದಾಗಲೂ ತಲೆಗೆ ಬಟ್ಟೆಯೇ. ಅದೇ ವರ್ಷ ಅವರು ಗಟ್ಟಿ ಮೈ ಕಟ್ಟಿಸಿ ಸ್ಟೇಷನ್ ವ್ಯಾಗನ್ ಅಂತ ಮಾರೋಕೆ ಹೋದರೆ ಸರ್ಕಾರ ಅದನ್ನ ಖಾಸಗಿ ಕಾರು ಅಂತ ಲೆಕ್ಕ ಹಿಡಿದು ಮೇಲೆ ತೆರಿಗೆ ಹಾಕಿತು, ವ್ಯಾಪಾರ ಆಗಲಿಲ್ಲ. ಅಂದರೆ ಬಟ್ಟೆ ಬಂದದ್ದು ತೂಕ, ದುಡ್ಡು, ತೆರಿಗೆಯ ಲೆಕ್ಕದಲ್ಲಿ. ಗಾಳಿಗೆ ಕೂದಲು ಹಾರಲಿ ಅಂತ ಯಾರೂ ಹಾಕಿದ್ದಲ್ಲ. ಥಾರ್ ಕತೆ ನೋಡಿ: 2010ರಲ್ಲಿ ಕಂಪನಿ ಕೊಟ್ಟದ್ದು ಬಟ್ಟೆ ಟಾಪ್, ಜನ ಹೊರಗಡೆ ಹೋಗಿ ಹಾರ್ಡ್‌ಟಾಪ್ ಕೂರಿಸಿಕೊಂಡರು. 2020ರಲ್ಲಿ ಕಂಪನಿಯೇ ಹಾರ್ಡ್‌ಟಾಪ್ ಕೊಟ್ಟಿತು. ಈಗ ಒಂದಿಷ್ಟು ಜನ ಅದನ್ನ ನೋಡಿ ಬಟ್ಟೆ ಟಾಪ್‌ಗಾಗಿ ನಿಟ್ಟುಸಿರು ಬಿಡ್ತಿದ್ದಾರೆ!

ಇರಲಿ. ಶೋಕಿ ತಪ್ಪಲ್ಲ, ನನಗೂ ಇದೆ. ನನ್ನ ತಕರಾರು ಕತ್ತರಿಸೋ ರೀತಿಯ ಬಗ್ಗೆ. ಹಳೇ ಕೋಡಿನಲ್ಲಿ ಒಂದು ಫಂಕ್ಷನ್ ಅಳಿಸೋಕೆ ಮುಂಚೆ ಅದನ್ನ ಯಾರು ಯಾರು ಕರೀತಿದಾರೆ ಅಂತ ಹುಡುಕ್ತೀವಿ ತಾನೆ? ಟಾಪ್ ವಿಷಯದಲ್ಲಿ ಅದನ್ನ ಯಾರೂ ಮಾಡಲ್ಲ. 'ಕೆಳಗೆ ಚಾಸಿ ಇದೆಯಲ್ಲ, ಭಾರ ಅದೇ ಹೊರುತ್ತೆ' ಅಂತಾರೆ. ಅರ್ಧ ನಿಜ. ಏಣಿಯ ಹಾಗಿರೋ ಚಾಸಿ ಎಂಜಿನ್, ಆಕ್ಸಲ್ ಭಾರ ಹೊರುತ್ತೆ. ಆದರೆ ಕಂಪನಿಯಿಂದಲೇ ಪೂರ್ತಿ ಮುಚ್ಚಿದ ಮೈಯೊಂದಿಗೆ ಬಂದ ಬೊಲೆರೊದಂಥ ಗಾಡಿಯಲ್ಲಿ ಬಾಗಿಲ ಚೌಕಟ್ಟು, ಕಂಬ, ಮುಂದಿನ ಗಾಜು ಇವನ್ನೆಲ್ಲ ನೆಟ್ಟಗೆ ಹಿಡಿದಿರೋದರಲ್ಲಿ ಮೇಲಿನ ಪತ್ರಾದ್ದೂ ಪಾಲಿದೆ. ಸೀಟ್‌ಬೆಲ್ಟಿನ ಮೇಲ್ತುದಿಯ ಬೋಲ್ಟ್ ಇರೋದು ಆ ಕಂಬದಲ್ಲೇ. ಅದನ್ನ ಸೊಂಟದ ಮಟ್ಟಕ್ಕೆ ಕತ್ತರಿಸಿದರೆ ಮೊದಲ ಹೊಂಡದಲ್ಲೇ ಬಾಗಿಲು ಕಿರ್ರನ್ನುತ್ತೆ, ಸ್ವಲ್ಪ ದಿನಕ್ಕೆ ಸರಿಯಾಗಿ ಕೂರೋದೇ ಇಲ್ಲ. ಬೆಲ್ಟನ್ನ ತಂದು ಎಲ್ಲೋ ನೆಲಕ್ಕೆ ಬಿಗೀತಾರೆ. ಗಾಡಿ ಮಗುಚಿದರೆ ತಲೆಗೂ ನೆಲಕ್ಕೂ ನಡುವೆ ಉಳಿಯೋದು ಒಂದು ಪದರ ಬಟ್ಟೆ. 'ರೋಲ್ ಬಾರ್ ಹಾಕ್ಸಿದೀನಲ್ಲ' ಅಂತ ಹೊಳೆಯೋ ಪೈಪ್ ತೋರಿಸ್ತಾರೆ. ಆ ಪೈಪಿನ ಬುಡ ನೋಡಿ. ತೆಳು ನೆಲಕ್ಕೆ ನಾಲ್ಕು ಬೋಲ್ಟ್, ಕೆಳಗೆ ಒಂದು ದಪ್ಪ ಪ್ಲೇಟೂ ಇಲ್ಲ, ಚಾಸಿಗೆ ಸಂಬಂಧವೇ ಇಲ್ಲ. ಫೋಟೋಗೆ ಕೈ ಊರಿ ನಿಲ್ಲೋಕೆ ಸಾಕು. ಅದರ ಹಿಂದಿನ ಸೀಟಿನಲ್ಲಿ ಅಕ್ಕನ ಮಕ್ಕಳನ್ನ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗ್ತಾರಲ್ಲ, ಅಲ್ಲೇ ನನಗೆ ಹೊಟ್ಟೆಯಲ್ಲಿ ಸಂಕಟ ಆಗೋದು.

ಎಂಎಂ 540ಯಂಥ ಹಳೇ ಮಹೀಂದ್ರಾ ಜೀಪುಗಳ ಕತೆ ಬೇರೆ. ಅವು ಬಟ್ಟೆಗೆ ಅಂತಲೇ ಹುಟ್ಟಿದವು. ಮಾರುತಿ ಜಿಪ್ಸಿಯಂತೂ ಕಂಪನಿಯಿಂದಲೇ ಎರಡೂ ರೂಪದಲ್ಲಿ ಬರ್ತಿತ್ತು. ಅಂಥವುಗಳಲ್ಲಿ ಕೆಲಸ ಪೂರ್ತಿ ಹೊಲಿಯೋನ ಕೈಯಲ್ಲಿದೆ. ಒಳ್ಳೇ ಟಾಪ್ ಗುರುತಿಸೋದು ಬಣ್ಣ ನೋಡಿ ಅಲ್ಲ, ಹೊಲಿಗೆ ನೋಡಿ. ಹೆಂಚು ಹೊದಿಸಿದ ಹಾಗೆ ಮೇಲಿನ ತುಂಡು ಕೆಳಗಿನ ತುಂಡಿನ ಮೇಲೆ ಬಂದಿರಬೇಕು, ಆಗ ನೀರು ಹೊಲಿಗೆಯ ಬಾಯಿಗೆ ಹೋಗಲ್ಲ. ಹತ್ತಿಯ ಕ್ಯಾನ್ವಾಸ್ ಆದರೆ ನೆನೆದಾಗ ನೂಲು ಉಬ್ಬಿ ಸೂಜಿಯ ತೂತನ್ನ ತಾನೇ ಮುಚ್ಚಿಕೊಳ್ಳುತ್ತೆ, ಆದರೆ ಒದ್ದೆಯಾಗೇ ಮಡಚಿಟ್ಟರೆ ಬೂಷ್ಟು. ರೆಕ್ಸಿನ್ ಥರದ್ದು ನೀರು ಕುಡಿಯಲ್ಲ, ಆದರೆ ತೂತು ತೂತಾಗೇ ಉಳಿಯುತ್ತೆ, ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಬಿರುಸಾಗಿ ಸೀಳುತ್ತೆ. ಕಿಟಕಿಯ ಪ್ಲಾಸ್ಟಿಕ್ ಹಳದಿ ತಿರುಗೋದು ಎರಡರಲ್ಲೂ ತಪ್ಪಲ್ಲ. ಹೆದ್ದಾರಿ 65ರಲ್ಲಿ ಹೈದರಾಬಾದ್ ಕಡೆ ಎಂಬತ್ತರ ಮೇಲೆ ಓಡಿಸಿದರೆ ಪಕ್ಕದವರ ಮಾತು ಕೇಳಲ್ಲ. ಲ್ಯಾಪ್‌ಟಾಪ್ ಬಿಟ್ಟು ಟೀ ಕುಡಿಯೋಕೂ ಇಳಿಯೋ ಹಾಗಿಲ್ಲ. ಒಂದು ಬ್ಲೇಡ್ ಸಾಕು, ಬೀಗ ಯಾಕೆ?

ಕಾನೂನಿನ ಮಾತು ಚಿಕ್ಕದಾಗಿ ಹೇಳಿ ಮುಗಿಸ್ತೀನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದಿರೋ ವಿವರ, ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿಯನ್ನ ಬದಲಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಹೈಕೋರ್ಟ್ ಸ್ವಲ್ಪ ಸಡಿಲ ಬಿಟ್ಟಿತ್ತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕಿತು. ಬಣ್ಣ, ಸಣ್ಣಪುಟ್ಟ ಜೋಡಣೆ ಪರವಾಗಿಲ್ಲ. ಮೈಕಟ್ಟಿಗೆ ಕೈ ಹಾಕೋ ಹಾಗಿಲ್ಲ. 'ಯಾರು ಹಿಡೀತಾರೆ ಬಿಡೋ' ಅನ್ನೋರಿಗೆ ನನ್ನದು ಒಂದೇ ಪ್ರಶ್ನೆ: ಪೊಲೀಸ್ ಹಿಡಿಯದೇ ಇರಬಹುದು, ಅಪಘಾತ ಆದ ಮೇಲೆ ಇನ್ಶೂರೆನ್ಸ್‌ನವರು ಆರ್‌ಸಿಯನ್ನ ಗಾಡಿ ಪಕ್ಕ ಇಟ್ಟು ನೋಡಿದರೆ ಏನು ಹೇಳ್ತೀರಿ?

ಬಟ್ಟೆ ಟಾಪ್ ನಿಜಕ್ಕೂ ಒಪ್ಪೋ ಜಾಗ ಇದೆ. ಮಡಿಕೇರಿಯ ಹತ್ತಿರ ಮಾಂದಲಪಟ್ಟಿಗೆ ಹತ್ತೋ ಜೀಪುಗಳನ್ನ ನೋಡಿ. ಮೊದಲ ಎರಡನೇ ಗೇರಿನಲ್ಲೇ ಓಡೋ ದಾರಿ, ಮಂಜು ಒಳಗೇ ಬರಬೇಕು ಅನ್ನೋ ಪ್ರವಾಸಿಗರು, ಮಳೆ ಬಂದರೆ ಇಳಿಸೋ ಪರದೆ. ಅಲ್ಲಿ ಬಟ್ಟೆಗೆ ಕೆಲಸ ಇದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಅದರ ಕೆಲಸ ಏನು ಅಂತ ನನಗಿನ್ನೂ ತಿಳಿದಿಲ್ಲ. ಬಸ್ಸಿನ ಹೊಗೆ ಕುಡಿಯೋಕೆ ಅಷ್ಟು ಖರ್ಚು ಬೇಕಿಲ್ಲ.

ಈಗ ನಮ್ಮ ಮನೆಯದೇ ಒಂದು ಕೇಸ್ ಇದೆ. ನಿರ್ಣಾದಲ್ಲಿ ಕಾಕಾನ ಹಳೇ ಎಂಎಂ 540 ನಿಂತಿದೆ, ತೊಂಬತ್ತರ ದಶಕದ್ದು. ಅವನ ಮಗ ಅದನ್ನ ಬೆಂಗಳೂರಿಗೆ ತಂದು ಬಟ್ಟೆ ಟಾಪ್ ಮಾಡಿಸ್ತೀನಿ ಅಂತ ಕೂತಿದಾನೆ. ನಾನು ಬೇಡ ಅಂತೀನಿ ಅಂದುಕೊಂಡಿದ್ದ. ದೀಪಾವಳಿಗೆ ಊರಿಗೆ ಹೋದಾಗ ಇಬ್ಬರೂ ಕೆಳಗೆ ಕೂತು ನೋಡಿದ್ವಿ. ಪತ್ರಾ ಹುಮನಾಬಾದಿನಲ್ಲಿ ವೆಲ್ಡ್ ಮಾಡಿಸಿದ್ದು, ಕಂಪನಿಯದ್ದಲ್ಲ. ಅದರ ಅಡಿಯಲ್ಲಿ ಬಟ್ಟೆಯ ಕಮಾನು ಸಿಕ್ಕಿಸೋ ಹಳೇ ಸಾಕೆಟ್‌ಗಳು ಹಾಗೇ ಇವೆ, ಮಣ್ಣು ತುಂಬಿಕೊಂಡು. ಆರ್‌ಸಿ ತೆಗೆದು ನೋಡಿದರೆ ಅದರಲ್ಲೂ ಸಾಫ್ಟ್‌ಟಾಪ್ ಅಂತಲೇ ಇದೆ. ಇಷ್ಟು ವರ್ಷ ಲೆಕ್ಕಕ್ಕಿಲ್ಲದೆ ಓಡಾಡಿದ್ದು ಪತ್ರಾನೇ! ಹಾಗಾಗಿ ಈ ಒಂದು ಜೀಪಿಗೆ ನಾನು ಹೂಂ ಅಂದೆ: ಗ್ರೈಂಡರ್‌ನಲ್ಲಿ ವೆಲ್ಡ್ ಮಾತ್ರ ಬಿಡಿಸಬೇಕು, ಮೈ ಮುಟ್ಟಬಾರದು, ರೋಲ್ ಬಾರ್ ಹಾಕಿಸೋದಾದರೆ ಆರ್‌ಟಿಓದಲ್ಲಿ ಕೇಳಿಕೊಂಡು ಚಾಸಿಗೇ ಕೂರಿಸಬೇಕು.

ಕಾಕಾ ಮಾತ್ರ ಇನ್ನೂ ಒಪ್ಪಿಲ್ಲ. "ಎಲ್ಲಾ ಖರೇ ತಮ್ಮಾ, ತೊಗರಿ ಚೀಲ ಎಲ್ಲಿ ಇಡ್ಲಿ, ಅದನ್ನ ಹೇಳು" ಅಂತಾನೆ.