ಹಂದಿಯನ್ನೂ ಒಂದು ಮಾತು ಕೇಳಿ

ಬೆಂಗಳೂರಿನ ಜಯನಗರಕ್ಕೆ ಹತ್ತಿರದ ಆಡುಗೋಡಿಯಲ್ಲಿ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ. 1927ರಲ್ಲಿ ಗಾಂಧೀಜಿ ಹಸು ಸಾಕಣೆ ಕಲಿಯಲು ಬಂದದ್ದು ಇಲ್ಲಿಗೇ. ಅದೇ ಆಡುಗೋಡಿಯಲ್ಲಿ ಜಾನುವಾರು ಪೋಷಣೆಯ ರಾಷ್ಟ್ರೀಯ ಸಂಸ್ಥೆಯೂ ಇದೆ. ಒಂದು ಕಡೆ ಹಾಲಿನ ಲೆಕ್ಕ, ಇನ್ನೊಂದು ಕಡೆ ಮೇವಿನದು. ಆದರೆ ಹಂದಿಯ ವಸತಿಯ ಮೇಲೆ ಪಿಎಚ್‌ಡಿ ಮಾಡಬೇಕೆನ್ನುವ ಜೆ.ಪಿ. ನಗರದ ಹುಡುಗಿ ಊರು ದಾಟಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೇ ಹೋಗಬೇಕು.

ಹೋದರೆ ಸಿಗುವ ವಾಡಿಕೆಯ ವಿಷಯ: ಇಂಥ ನೆಲ, ಇಂಥ ಚಾವಣಿ ಇದ್ದರೆ ಮರಿ ದಿನಕ್ಕೆ ಎಷ್ಟು ಗ್ರಾಂ ತೂಗಿತು, ಎಷ್ಟು ಮೇವು ತಿಂದಿತು. ಬೇಡದ ಲೆಕ್ಕವೇನಲ್ಲ, ಸಾಲ ಮಾಡಿ ದೊಡ್ಡಿ ಕಟ್ಟಿದವನಿಗೆ ಬೇಕಾದದ್ದೇ. ಆದರೆ ತೂಕ ಬಂದ ಪ್ರಾಣಿಯೆಲ್ಲ ನೆಮ್ಮದಿಯಾಗಿದೆ ಎಂದುಕೊಳ್ಳುವುದು ಸೋಮಾರಿತನ. ನಮ್ಮ ಪಠ್ಯಗಳು ಇಂದಿಗೂ ಆಧರಿಸುವ 1966ರ ಭಾರತೀಯ ಮಾನಕ ಮರಿ ಹಾಕುವ ತಾಯಿಗೆ 7ರಿಂದ 9 ಚದರ ಮೀಟರ್ ಸೂರಿನಡಿಯ ಜಾಗ ಹೇಳುತ್ತದೆ. ಆ ಜಾಗದಲ್ಲಿ ಅವಳು ಏನು ಮಾಡಬೇಕೆಂದಿದ್ದಾಳೆ ಎಂಬುದನ್ನು ಚದರ ಮೀಟರ್ ಹೇಳುವುದಿಲ್ಲ.

ಎಡಿನ್‌ಬರೋದಲ್ಲಿ ಸ್ಟೋಲ್ಬಾ ಮತ್ತು ವುಡ್-ಗಶ್ ಎಂಬ ಸಂಶೋಧಕರು ದೊಡ್ಡಿಯ ಹಂದಿಗಳನ್ನೇ ಮರಗಿಡಗಳಿದ್ದ ಬಯಲಿಗೆ ಬಿಟ್ಟು ನೋಡಿದರು. ಮರಿ ಹಾಕುವ ಹೊತ್ತು ಹತ್ತಿರವಾದಂತೆ ಹೆಣ್ಣು ಹಂದಿ ಹಿಂಡು ಬಿಟ್ಟು ದೂರ ನಡೆಯುತ್ತದೆ, ಮೂತಿಯಿಂದ ಗುಳಿ ತೋಡುತ್ತದೆ, ಹುಲ್ಲು ಕಡ್ಡಿ ಕಚ್ಚಿ ತಂದು ಹಾಸುತ್ತದೆ. ತಲೆಮಾರುಗಟ್ಟಲೆ ದೊಡ್ಡಿಯಲ್ಲೇ ಬೆಳೆದರೂ ಆ ಹಂಬಲ ಹೋಗಿಲ್ಲ. ನಮ್ಮ ಸಿಮೆಂಟ್ ನೆಲದ ಮೇಲೆ ಅದೇ ಪ್ರಾಣಿ ಬರಿದೇ ಕಾಲು ಕೆರೆಯುತ್ತದೆ, ಸರಳು ಕಚ್ಚುತ್ತದೆ. ಒಂದು ಕಂತೆ ಭತ್ತದ ಹುಲ್ಲು ಕೊಟ್ಟರೆ ಏನಾಗುತ್ತದೆ? ಮರಿಗಳು ತಾಯಿಯ ಮೈಯಡಿ ಸಿಕ್ಕಿ ಸಾಯುವುದು ಕಡಿಮೆಯಾಗುತ್ತದೆಯೇ? ಹಂದಿ ಬೆವರಿ ಮೈ ತಣಿಸಿಕೊಳ್ಳಲಾರದು. ಬೆಂಗಳೂರಿನ ಏಪ್ರಿಲ್‌ನಲ್ಲಿ ಅದಕ್ಕೆ ಕೆಸರು ಬೇಕೋ, ತುಂತುರು ನೀರು ಸಾಕೋ? ಗಬ್ಬದ ಅವಧಿ ಸುಮಾರು 114 ದಿನ, ಪಿಎಚ್‌ಡಿಗೆ ಮೂರು ವರ್ಷ. ಸಮಯಕ್ಕೇನೂ ಬರವಿಲ್ಲ.

ಮೈ ಹೊರಳಿಸಲಾಗದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಐರೋಪ್ಯ ಒಕ್ಕೂಟ ಗಬ್ಬದ ಹಂದಿಯ ಒಂಟಿ ಕಟಕಟೆಗೆ 2013ರಿಂದ ಬಹುಮಟ್ಟಿಗೆ ತಡೆ ಹಾಕಿದೆ. ಆ ನಿಯಮವನ್ನು ಹಾಗೇ ನಕಲು ಮಾಡಿದರೆ ಪ್ರಯೋಜನವಿಲ್ಲ: ಹೋಟೆಲಿನ ಮುಸುರೆ ತಿಂದು, ತಗಡಿನ ಸೂರಿನಡಿ ಬೆಳೆಯುವ ನಮ್ಮ ಹಂದಿಯ ಕಷ್ಟವೇ ಬೇರೆ. ಹೆಬ್ಬಾಳದ ಮಾರ್ಗದರ್ಶಕರು ಮುಂದಿನ ವಿದ್ಯಾರ್ಥಿಗೆ ತಕ್ಕಡಿಯ ಜೊತೆ ಒಂದು ಕ್ಯಾಮೆರಾವನ್ನೂ ಒಂದು ಕಂತೆ ಹುಲ್ಲನ್ನೂ ಕೊಡಲಿ.